ಕಂಪ್ಯೂಟರ್ ಗಡಿಯಾರ ಸಿಂಕ್ ಆಗ್ತಿಲ್ವಾ? ಮೊದಲು ಎಷ್ಟು ತಪ್ಪಿದೆ ಅಂತ ಬರೆದಿಟ್ಟುಕೊಳ್ಳಿ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಶಿರಸಿ ಸೀಮೆಯ ಹಳ್ಳಿಯಿಂದ ಸೋದರಮಾವನ ಫೋನ್ ಬಂತು. "ತಮಾ, ಇಂಟರ್ನೆಟ್ ಇದ್ದು, ಆದ್ರೆ ಒಂದು ಸೈಟೂ ಓಪನ್ ಆಗ್ತಿಲ್ಲೆ. ಪಹಣಿ ತೆಗೆಯವು, ಎಂತ ಮಾಡವು?" ಅಂದರು. ವೈಫೈ ಚೆನ್ನಾಗಿಯೇ ಇತ್ತು, ಅದೇ ವೈಫೈಯಲ್ಲಿ ಮಕ್ಕಳ ಮೊಬೈಲ್‌ನಲ್ಲಿ ವೀಡಿಯೊ ಓಡುತ್ತಿತ್ತು. ಅದರ ಹಿಂದಿನ ಎರಡು ದಿನ ಕರೆಂಟ್ ಇರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಪರದೆಯ ಕೆಳಗೆ ಬಲಗಡೆ ಮೂಲೆಯಲ್ಲಿ ತಾರೀಕು ಎಷ್ಟಿದೆ, ಓದಿ ಹೇಳಿ. 2012, ಜನವರಿ 1.

ಇಲ್ಲಿ ಇಂಟರ್ನೆಟ್ಟಿನ ತಪ್ಪು ಏನೂ ಇಲ್ಲ. ಪ್ರತಿ ಸುರಕ್ಷಿತ ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಬರೆದಿರುತ್ತದೆ. ಕಂಪ್ಯೂಟರ್ ತಾನು 2012ರಲ್ಲಿ ಇದ್ದೇನೆ ಅಂತ ನಂಬಿದ್ದರೆ ಎಲ್ಲ ಸರ್ಟಿಫಿಕೇಟೂ "ಇನ್ನೂ ಜಾರಿಗೆ ಬಂದಿಲ್ಲ" ಅಂತಲೇ ಕಾಣುತ್ತದೆ, ಹಾಗಾಗಿ ಬ್ರೌಸರ್ ಬಾಗಿಲು ಹಾಕಿಕೊಂಡು ಕೂರುತ್ತದೆ. ಆಗ ಕೆಂಪು ಎಚ್ಚರಿಕೆಯ ಪುಟದಲ್ಲಿ "ಪರವಾಗಿಲ್ಲ, ಮುಂದೆ ಹೋಗು" ಅನ್ನುವ ಲಿಂಕ್ ಒತ್ತಬೇಡಿ, ಬ್ಯಾಂಕಿನ ಸೈಟಿನಲ್ಲಂತೂ ಬೇಡವೇ ಬೇಡ. ಗಡಿಯಾರ ಸರಿ ಮಾಡಿದರೆ ಆ ಪುಟ ತಾನಾಗಿಯೇ ಹೋಗುತ್ತದೆ.

ಮಾವ ಸೆಟ್ಟಿಂಗ್ಸ್‌ಗೆ ಹೋಗಿ, ಗಡಿಯಾರವನ್ನು ಇಂಟರ್ನೆಟ್ಟಿನ ಸಮಯಕ್ಕೆ ಹೊಂದಿಸುವ "ಸಿಂಕ್ ನೌ" ಬಟನ್ ಹತ್ತಾರು ಸಲ ಒತ್ತಿದ್ದರಂತೆ. ಆಗಲಿಲ್ಲ. ಎಲ್ಲರೂ ಮಾಡುವುದು ಇದನ್ನೇ ಅಲ್ವಾ? ಆ ಬಟನ್ ಯಾಕೆ ಕೆಲಸ ಮಾಡಲಿಲ್ಲ ಅಂತ ಮುಂದೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಒಂದು ಅಭ್ಯಾಸ ಮಾಡಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಗಡಿಯಾರ ತಪ್ಪಿದೆ ಅಂತ ಗೊತ್ತಾದ ಕೂಡಲೇ ಕೈಯಿಂದ ತಿದ್ದಬೇಡಿ. ಒಂದು ಚೀಟಿ ತೆಗೆದುಕೊಂಡು ಕಂಪ್ಯೂಟರ್ ತೋರಿಸುತ್ತಿರುವ ತಾರೀಕು, ಗಂಟೆ, ನಿಮಿಷ ಬರೆಯಿರಿ, ಪಕ್ಕದಲ್ಲಿ ನಿಜವಾದ ಸಮಯ ಬರೆಯಿರಿ, ಎರಡರ ನಡುವಿನ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿ. ರೋಗ ಎಲ್ಲಿದೆ ಅಂತ ಮುಕ್ಕಾಲು ಪಾಲು ಹೇಳುವುದು ಆ ಒಂದು ಸಂಖ್ಯೆಯೇ. ತಿದ್ದಿಬಿಟ್ಟರೆ ಆ ಸುಳಿವು ಹೋಯಿತು.

ನಿಜವಾದ ಸಮಯಕ್ಕೆ ಮೊಬೈಲ್ ನೋಡಿದರೆ ಸಾಕು. ಆದರೆ ಘಟ್ಟದ ಮೇಲಿನ ಕೆಲವು ಊರುಗಳಲ್ಲಿ ಟವರ್ ಸಿಗುವುದೇ ಕಷ್ಟ, ಅಲ್ಲಿ ಮೊಬೈಲ್ ಗಡಿಯಾರವನ್ನೂ ಕಣ್ಣು ಮುಚ್ಚಿ ನಂಬಬೇಡಿ, ಇನ್ನೊಂದು ಫೋನ್ ಜೊತೆ ಹೋಲಿಸಿ ನೋಡಿ. ಹಳೆಯ ರೇಡಿಯೊ ಇದ್ದರೆ ಆಕಾಶವಾಣಿ ವಾರ್ತೆಗೆ ಮುಂಚೆ ಬರುವ ಬೀಪ್ ಕೂಡ ಆಗುತ್ತದೆ. ಆ್ಯಪ್‌ನಲ್ಲಿ ಕೇಳುವ ರೇಡಿಯೊ ಮಾತ್ರ ಬೇಡ, ಅದು ತಡವಾಗಿ ಬರುತ್ತದೆ.

ವ್ಯತ್ಯಾಸ ಏನು ಹೇಳುತ್ತದೆ

ಸರಿಯಾಗಿ 5 ಗಂಟೆ 30 ನಿಮಿಷ ತಪ್ಪಿದ್ದರೆ ಅದು ಸಿಂಕ್‌ನ ಸಮಸ್ಯೆಯೇ ಅಲ್ಲ. ಇಂಟರ್ನೆಟ್ಟಿನಲ್ಲಿ ಸಮಯ ಹೇಳುವ ಸರ್ವರ್‌ಗಳೆಲ್ಲ ಕೊಡುವುದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ, ಅದಕ್ಕೆ 5:30 ಸೇರಿಸಿದರೆ ನಮ್ಮ ಭಾರತೀಯ ಸಮಯ. ಆ ಕೂಡಿಸುವ ಕೆಲಸ ಎಲ್ಲೋ ಬಿಟ್ಟುಹೋಗಿದೆ ಅಥವಾ ಎರಡು ಸಲ ಆಗಿದೆ, ಅಷ್ಟೆ. ಅರ್ಧ ಗಂಟೆ ತಪ್ಪಿದ್ದರೆ ಟೈಮ್ ಝೋನ್ ಪಟ್ಟಿಯಲ್ಲಿ ಕರಾಚಿ ಅಥವಾ ಢಾಕಾ ಆಯ್ಕೆ ಆಗಿದೆ. 15 ನಿಮಿಷ ಮುಂದೆ ಇದ್ದರೆ ಕಠ್ಮಂಡು. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದ ಕಂಪ್ಯೂಟರ್ 13 ಗಂಟೆ 30 ನಿಮಿಷ ಅಥವಾ 12 ಗಂಟೆ 30 ನಿಮಿಷ ಹಿಂದೆ ಇದ್ದರೆ ಅದು ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ತೋರಿಸುತ್ತಿದೆ, ಹಾಕಿಕೊಟ್ಟವರು ಝೋನ್ ಬದಲಿಸುವುದನ್ನು ಮರೆತಿದ್ದಾರೆ. ಇವಕ್ಕೆಲ್ಲ ಔಷಧಿ ಒಂದೇ. ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಅಂತ ಇರುವ ಸಾಲನ್ನು ಆರಿಸಿ. ಈ ಸಂದರ್ಭದಲ್ಲಿ ಗಂಟೆಯ ಮುಳ್ಳನ್ನು ಕೈಯಿಂದ ತಿದ್ದಿದರೆ ಮುಂದಿನ ಸಲ ಸಿಂಕ್ ಆದಾಗ ಮತ್ತೆ ತಪ್ಪುತ್ತದೆ. "ಸಿಂಕ್ ಆದ ಮೇಲೇ ಸಮಯ ತಪ್ಪಾಗ್ತದೆ ಮಾರಾಯ್ರೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಝೋನ್ ನೋಡುತ್ತೇನೆ.

ಝೋನ್ ಅಂದಾಗ ನನಗೆ ಯಾವಾಗಲೂ ನೆನಪಾಗುವ ಒಂದು ಸಂಗತಿ ಇದೆ. ನಮ್ಮ ಭಾರತೀಯ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಅದು ಹಾದುಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ಕಾರವಾರ ಇರುವುದು ಸುಮಾರು 74.1 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಕಾರವಾರದ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಹಿಂದೆ. ಅಂದರೆ ಕಡಲ ತೀರದಲ್ಲಿ ನಿಂತವನ ನೆತ್ತಿಗೆ ಹೊತ್ತು ಬರುವುದು ವರ್ಷದ ಸರಾಸರಿಯಲ್ಲಿ 12:33ರ ಸುಮಾರಿಗೆ. ಆದ್ದರಿಂದ ಅಂಗಳದ ನೆರಳು ನೋಡಿ ಕಂಪ್ಯೂಟರ್ ಗಡಿಯಾರ ತಪ್ಪು ಅಂತ ತೀರ್ಮಾನ ಮಾಡುವ ಹಾಗಿಲ್ಲ.

ವ್ಯತ್ಯಾಸ ವರ್ಷಗಟ್ಟಲೆ ಇದ್ದರೆ ಒಳಗಿನ ಬ್ಯಾಟರಿ ಸತ್ತಿದೆ. ತಾರೀಕು ಸರಿ ಇದೆ, ಆದರೆ ರಾತ್ರಿ ಆಫ್ ಮಾಡಿದ್ದಷ್ಟು ಹೊತ್ತು ಹಿಂದೆ ಬಿದ್ದಿದೆ ಅಂದರೆ ಬ್ಯಾಟರಿ ಸಾಯುತ್ತಾ ಇದೆ. ಕೆಲವು ಸೆಕೆಂಡ್‌ನಿಂದ ಕೆಲವು ನಿಮಿಷದವರೆಗಿನ ವ್ಯತ್ಯಾಸವೇ ನಿಜವಾದ ಸಿಂಕ್ ಸಮಸ್ಯೆ. ಕಂಪ್ಯೂಟರ್ ಒಳಗಿರುವುದು ಕೈಗಡಿಯಾರದಲ್ಲಿ ಇರುವಂಥದ್ದೇ ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹತ್ತು ಲಕ್ಷದಲ್ಲಿ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡ್ ಆಯಿತು. ಹಾಗಾಗಿ ಮೂರು ನಿಮಿಷ ತಪ್ಪಿದೆ ಅಂದರೆ ತಿಂಗಳುಗಳಿಂದ ಸಿಂಕ್ ನಡೆದೇ ಇಲ್ಲ ಅಂತ ಅರ್ಥ ಮಾಡಿಕೊಳ್ಳಿ.

ಬ್ಯಾಟರಿ: ನಮ್ಮ ಕಡೆ ಇದೇ ಜಾಸ್ತಿ

ನಮ್ಮಲ್ಲಿ ಆರ್‌ಟಿಸಿ ಅಂದರೆ ಪಹಣಿ. ಕಂಪ್ಯೂಟರ್ ರಿಪೇರಿಯವರು ಆರ್‌ಟಿಸಿ ಅಂದರೆ ರಿಯಲ್ ಟೈಮ್ ಕ್ಲಾಕ್, ಮದರ್‌ಬೋರ್ಡ್ ಮೇಲಿನ ಪುಟ್ಟ ಗಡಿಯಾರ. ಕಂಪ್ಯೂಟರ್ ಆಫ್ ಇದ್ದಾಗಲೂ ಅದು ಓಡುತ್ತಿರಬೇಕು, ಅದಕ್ಕೆ ಒಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ಆದರೆ ಡೆಸ್ಕ್‌ಟಾಪಿನ ಪ್ಲಗ್ ಗೋಡೆಯಲ್ಲೇ ಇದ್ದು ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಮಾಡಿದ್ದರೂ ಪವರ್ ಸಪ್ಲೈಯಿಂದ ಸ್ವಲ್ಪ ಕರೆಂಟ್ ಒಳಗೆ ಬರುತ್ತಲೇ ಇರುತ್ತದೆ, ಗಡಿಯಾರ ಅದರಲ್ಲೇ ಓಡುತ್ತದೆ, ಬ್ಯಾಟರಿಗೆ ಕೆಲಸ ಇರುವುದಿಲ್ಲ. ಮಲೆನಾಡಿನಲ್ಲಿ ನಾವು ಏನು ಮಾಡುತ್ತೇವೆ? ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು ಇಡುತ್ತೇವೆ. ಸಿಡಿಲಿಗೆ ಟಿವಿ, ಮೋಡೆಮ್ ಸುಟ್ಟುಕೊಂಡವರು ಊರಿಗೆ ಹತ್ತು ಜನ ಇದ್ದಾರೆ, ಕೀಳಲೇಬೇಕು, ತಪ್ಪಲ್ಲ. ಅದರ ಮೇಲೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಷ್ಟೂ ಹೊತ್ತು ಗಡಿಯಾರ ಬ್ಯಾಟರಿಯನ್ನೇ ತಿನ್ನುತ್ತದೆ. ಯಾವಾಗಲೂ ಪ್ಲಗ್‌ನಲ್ಲಿರುವ ಪೇಟೆಯ ಕಂಪ್ಯೂಟರಿಗಿಂತ ನಮ್ಮ ಕಂಪ್ಯೂಟರಿನ ಬ್ಯಾಟರಿ ಬೇಗ ಮುಗಿಯುವುದಕ್ಕೆ ಕಾರಣ ಇದು.

ಡೆಸ್ಕ್‌ಟಾಪ್ ಆದರೆ ಬದಲಿಸುವುದು ನೀವೇ ಮಾಡುವ ಕೆಲಸ. ಬ್ಯಾಟರಿಯ ಹೆಸರು ಸಿಆರ್2032. ಆ ಸಂಖ್ಯೆಯಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅಥವಾ 2016 ಅಂತ ಬರೆದದ್ದು ತೆಳ್ಳಗಿರುತ್ತದೆ, ಅದು ಬೇಡ. ಬಿಚ್ಚುವ ಮೊದಲು ಎರಡು ಕೆಲಸ. ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಪ್ರೋಗ್ರಾಂ) ಪರದೆ ತೆರೆದು ಬೂಟ್ ಆರ್ಡರ್, ಸಾಟಾ ಮೋಡ್ ಇರುವ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ, ಯಾಕೆಂದರೆ ಹಳೆಯ ಬೋರ್ಡುಗಳಲ್ಲಿ ಬ್ಯಾಟರಿ ತೆಗೆದಾಗ ಅವೆಲ್ಲ ಮೊದಲಿನ ಸ್ಥಿತಿಗೆ ಹೋಗಿ ವಿಂಡೋಸ್ ಬೂಟ್ ಆಗದೇ ಇರಬಹುದು. ಎರಡನೆಯದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಎಲ್ಲಿದೆ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ. ಬಯಾಸ್ ಬದಲಾದಾಗ ಅದು ಕೀ ಕೇಳುವುದುಂಟು, ಆಗ ಕೀ ಇಲ್ಲದಿದ್ದರೆ ಫೈಲುಗಳೆಲ್ಲ ಒಳಗೇ ಉಳಿಯುತ್ತವೆ.

ಮಾವನ ಮನೆಗೆ ಭಾನುವಾರ ಹೋಗಿ ಕ್ಯಾಬಿನೆಟ್ ತೆಗೆದೆ. ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು, ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ ಆಮೇಲೆ ಒಳಗೆ ಕೈ ಹಾಕಿದ್ದು. ಬಿಲ್ಲೆಯ ಪಕ್ಕ ಒಂದು ಸಣ್ಣ ಸ್ಪ್ರಿಂಗ್ ಕೊಂಡಿ ಇರುತ್ತದೆ, ಅದನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಬಿಲ್ಲೆ ತಾನಾಗಿ ಎದ್ದು ನಿಲ್ಲುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ 1.4 ವೋಲ್ಟ್. ಹೊಸದು 3 ವೋಲ್ಟ್‌ಗಿಂತ ಕೂದಲೆಳೆ ಮೇಲೇ ಇರುತ್ತದೆ, 2.7ಕ್ಕಿಂತ ಕೆಳಗೆ ಇಳಿದದ್ದನ್ನು ನಾನು ಉಳಿಸುವುದಿಲ್ಲ. ಬ್ಯಾಟರಿ ತೆಗೆದ ಜಾಗದಲ್ಲಿ ತಳದ ಲೋಹದ ಪಟ್ಟಿಯ ಮೇಲೆ ಹಸಿರು ಬಣ್ಣದ ಪುಡಿ ಕೂತಿತ್ತು, ತೇವ ಹಿಡಿದದ್ದು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿದೆ. ಕಾರವಾರ, ಅಂಕೋಲಾ, ಭಟ್ಕಳ ಕಡೆ ಸಮುದ್ರದ ಹತ್ತಿರ ಇರುವವರು ಇದನ್ನು ತಪ್ಪದೇ ನೋಡಿ. ಉಪ್ಪು ಗಾಳಿಗೆ ಕೊಂಡಿ ತುಕ್ಕು ಹಿಡಿದು ಹೊಸ ಬ್ಯಾಟರಿ ಹಾಕಿದರೂ ಗಡಿಯಾರ ನಿಲ್ಲುತ್ತದೆ, ಆಗ ಜನ ಬ್ಯಾಟರಿಯೇ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಾರೆ. ಪ್ಲಸ್ ಗುರುತು ಮೇಲೆ ಬರುವ ಹಾಗೆ, ಅಂಚು ಮಾತ್ರ ಹಿಡಿದು ಹಾಕಿ. ಬೆರಳಿನ ಬೆವರು ಮುಖಕ್ಕೆ ತಾಗಿದರೆ ಒರೆಸಿಬಿಡಿ.

ಲ್ಯಾಪ್‌ಟಾಪ್‌ನಲ್ಲಿ ಇದೇ ಬಿಲ್ಲೆ ಪ್ಲಾಸ್ಟಿಕ್ ಸುತ್ತಿ ವೈರ್ ಜೋಡಿಸಿದ ರೂಪದಲ್ಲಿ ಇರುತ್ತದೆ, ಕೆಲವು ಹೊಸ ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಅಭ್ಯಾಸ ಇಲ್ಲದವರು ರಿಪೇರಿಯವರಿಗೆ ಕೊಡಿ.

ವಿಂಡೋಸ್ ಯಾಕೆ ಒಪ್ಪುವುದಿಲ್ಲ

ಈಗ ಮಾವ ಒತ್ತಿದ ಬಟನ್ ವಿಷಯ. ಮನೆಯಲ್ಲಿ ಬಳಸುವ ವಿಂಡೋಸ್‌ಗೆ ಒಂದು ಮಿತಿ ಇಟ್ಟಿದ್ದಾರೆ: 54,000 ಸೆಕೆಂಡ್, ಅಂದರೆ 15 ಗಂಟೆ. ಸರ್ವರ್ ಹೇಳುವ ಸಮಯಕ್ಕೂ ತನ್ನ ಸಮಯಕ್ಕೂ ಅದಕ್ಕಿಂತ ಜಾಸ್ತಿ ಅಂತರ ಇದ್ದರೆ ಟೈಮ್ ಸರ್ವಿಸ್ (ಸಿಂಕ್ ಮಾಡುವ ವಿಂಡೋಸ್‌ನ ಭಾಗ) ತಿದ್ದಿಕೊಳ್ಳಲು ಒಪ್ಪುವುದಿಲ್ಲ. ಯಾರೋ ಸುಳ್ಳು ಸರ್ವರ್ ಇಟ್ಟು ತಾರೀಕು ಕೆಡಿಸಬಾರದು ಅಂತ ಇರುವ ಕಾವಲು ಇದು, ಒಳ್ಳೆಯದೇ. ಆದರೆ ಬ್ಯಾಟರಿ ಸತ್ತು ಹತ್ತು ವರ್ಷ ಹಿಂದೆ ಹೋದ ಕಂಪ್ಯೂಟರ್ ಇದೇ ಕಾವಲಿಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ವ್ಯತ್ಯಾಸ ದೊಡ್ಡದಿದ್ದರೆ ಮೊದಲು ಝೋನ್ ಸರಿ ಮಾಡಿ, ಆಮೇಲೆ ಕೈಯಿಂದ ತಾರೀಕು, ವರ್ಷ, ಗಂಟೆ ಹತ್ತಿರಕ್ಕೆ ತನ್ನಿ, ಆಮೇಲೆ ಸಿಂಕ್ ಒತ್ತಿ. ವರ್ಷ ಮರೆಯಬೇಡಿ. ತಿಂಗಳು, ದಿನ ಸರಿ ಇದ್ದು ವರ್ಷ ಒಂದು ಹಿಂದೆ ಇದ್ದರೆ ಕಣ್ಣಿಗೆ ಬೀಳುವುದೇ ಇಲ್ಲ.

ಇದಾದ ಮೇಲೂ ಆಗದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು, ಅಡ್ಮಿನಿಸ್ಟ್ರೇಟರ್ ಆಗಿ. ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಿರಿ. ಮೊದಲು:

ಡಬ್ಲ್ಯೂ32ಟಿಎಂ /ಕ್ವೆರಿ /ಸೋರ್ಸ್

ಇದು ಕಂಪ್ಯೂಟರ್ ಈಗ ಯಾರ ಮಾತು ಕೇಳುತ್ತಿದೆ ಅಂತ ಹೇಳುತ್ತದೆ. ಸರ್ವರ್ ಹೆಸರು ಬಂದರೆ ಸರಿ. "ಲೋಕಲ್ ಸಿಮಾಸ್ ಕ್ಲಾಕ್" ಅಂತ ಬಂದರೆ ಅದು ಯಾರನ್ನೂ ಕೇಳುತ್ತಿಲ್ಲ, ತನ್ನ ಬಿಲ್ಲೆ ಗಡಿಯಾರವನ್ನೇ ನಂಬಿಕೊಂಡಿದೆ. ಸರ್ವಿಸ್ ಶುರುವಾಗಿಲ್ಲ ಅಂತ ಎರರ್ ಬಂದರೆ, ಕೊನೆಯಲ್ಲಿ 80070426 ಅನ್ನುವ ಸಂಖ್ಯೆ ಕಾಣುತ್ತದೆ, ಆಗ:

ನೆಟ್ ಸ್ಟಾರ್ಟ್ ಡಬ್ಲ್ಯೂ32ಟೈಮ್

ಅಂತ ಹೊಡೆದು, ನಂತರ ಡಬ್ಲ್ಯೂ32ಟಿಎಂ /ರೀಸಿಂಕ್ ಕೊಡಿ. ರೀಸಿಂಕ್ ಕೊಟ್ಟಾಗ ಬರುವ ಉತ್ತರವನ್ನು ಪೂರ್ತಿ ಓದಿ. ಬದಲಾವಣೆ ತುಂಬಾ ದೊಡ್ಡದು ಅಂದರೆ ಮೇಲೆ ಹೇಳಿದ 15 ಗಂಟೆಯ ಕಥೆ. ಸಮಯದ ಮಾಹಿತಿ ಸಿಗಲಿಲ್ಲ ಅಂದರೆ ಸರ್ವರ್‌ನಿಂದ ಉತ್ತರವೇ ಬಂದಿಲ್ಲ, ಅದು ದಾರಿಯ ಸಮಸ್ಯೆ, ಮುಂದಿನ ಭಾಗ ನೋಡಿ.

ಸರ್ವಿಸ್ ಶುರುವೇ ಆಗುತ್ತಿಲ್ಲ, ಏನು ಮಾಡಿದರೂ ಎರರ್ ಅಂದರೆ ಅದನ್ನು ಕಿತ್ತು ಮತ್ತೆ ನೆಡಬಹುದು. ನೆಟ್ ಸ್ಟಾಪ್ ಡಬ್ಲ್ಯೂ32ಟೈಮ್, ಆಮೇಲೆ ಡಬ್ಲ್ಯೂ32ಟಿಎಂ /ಅನ್‌ರಿಜಿಸ್ಟರ್, ಆಮೇಲೆ ಡಬ್ಲ್ಯೂ32ಟಿಎಂ /ರಿಜಿಸ್ಟರ್, ಕೊನೆಗೆ ಮತ್ತೆ ನೆಟ್ ಸ್ಟಾರ್ಟ್. ಇದರಿಂದ ಯಾರೋ ಬದಲಿಸಿಟ್ಟ ಟೈಮ್ ಸೆಟ್ಟಿಂಗುಗಳೆಲ್ಲ ಮೊದಲಿನಂತೆ ಆಗುತ್ತವೆ. ನಾನು ನೋಡಿದ ಹಾಗೆ "ಕಂಪ್ಯೂಟರ್ ಫಾಸ್ಟ್ ಮಾಡ್ತೀವಿ" ಅನ್ನುವ ಸಾಫ್ಟ್‌ವೇರುಗಳು ಈ ಸರ್ವಿಸ್ಸನ್ನು ಸುಮ್ನೆ ಆಫ್ ಮಾಡಿಬಿಡುತ್ತವೆ, ಅಂಥದ್ದನ್ನು ಹಾಕಿಕೊಂಡಿದ್ದರೆ ಮೊದಲು ಅದನ್ನು ತೆಗೆಯಿರಿ.

ಆಫೀಸಿನ ಕಂಪ್ಯೂಟರ್ ಡೊಮೈನ್‌ಗೆ (ಎಲ್ಲ ಕಂಪ್ಯೂಟರುಗಳ ಲಾಗಿನ್ನನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಗೆ) ಸೇರಿದ್ದರೆ ಇದ್ಯಾವುದನ್ನೂ ಮುಟ್ಟಬೇಡಿ. ಅದು ಸಮಯ ತೆಗೆದುಕೊಳ್ಳುವುದು ಆಫೀಸಿನದೇ ಸರ್ವರ್‌ನಿಂದ. ನೀವು ಬೇರೆ ಸರ್ವರ್ ಹಾಕಿ 5 ನಿಮಿಷಕ್ಕಿಂತ ಜಾಸ್ತಿ ಅಂತರ ಬಂದರೆ ಲಾಗಿನ್ನೇ ಆಗದೇ ಹೋಗಬಹುದು.

ದಾರಿ ಮುಚ್ಚಿದೆಯೇ ಅಂತ ನೋಡುವುದು

ಸಮಯ ಕೇಳುವ ಈ ಪದ್ಧತಿಯ ಹೆಸರು ಎನ್‌ಟಿಪಿ. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಮೊದಲ ರೂಪ ಬರೆದದ್ದು, ಇಂದಿಗೂ ಅದೇ ಬೆಳೆದು ನಿಂತಿದೆ. ನಿಮ್ಮ ಕಂಪ್ಯೂಟರ್ ಒಂದು ಪುಟ್ಟ ಪೊಟ್ಟಣ ಕಳಿಸುತ್ತದೆ, ಹೊರಟ ಹೊತ್ತು ಬರೆದುಕೊಂಡಿರುತ್ತದೆ. ಸರ್ವರ್ ಅದು ತಲುಪಿದ ಹೊತ್ತು, ತಾನು ವಾಪಸ್ ಬಿಟ್ಟ ಹೊತ್ತು ಎರಡನ್ನೂ ಬರೆದು ಕಳಿಸುತ್ತದೆ. ನಿಮ್ಮಲ್ಲಿ ಮುಟ್ಟಿದ ಹೊತ್ತು ಸೇರಿ ನಾಲ್ಕು ಆಯಿತು. ಈ ನಾಲ್ಕರಿಂದ ದಾರಿಯಲ್ಲಿ ಹೋದ ಸಮಯ ಕಳೆದು ಗಡಿಯಾರದ ತಪ್ಪು ಲೆಕ್ಕ ಹಾಕುತ್ತಾರೆ. ಲೆಕ್ಕದಲ್ಲಿ ಒಂದು ಊಹೆ ಇದೆ, ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತು ಅಂತ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವುದಕ್ಕೂ ಇಳಿಯುವುದಕ್ಕೂ ಬಸ್ಸಿಗೆ ಅಷ್ಟೇ ಹೊತ್ತು ಅಂದ ಹಾಗೆ. ಮನೆಯಲ್ಲಿ ಯಾರೋ ದೊಡ್ಡ ಫೈಲ್ ಡೌನ್‌ಲೋಡ್ ಮಾಡುತ್ತಾ ಒಂದೇ ಕಡೆಯ ದಾರಿ ತುಂಬಿಸಿದ್ದರೆ ಆ ಊಹೆ ತಪ್ಪುತ್ತದೆ, ಸಮಯ ಸೆಕೆಂಡಿನ ಒಂದು ಭಾಗದಷ್ಟು ಅತ್ತಿತ್ತ ಆಗುತ್ತದೆ. ಮನೆ ಬಳಕೆಗೆ ಅದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ಆ ಪೊಟ್ಟಣ ಹೋಗುವ ಬಾಗಿಲು. ಯುಡಿಪಿ ಪೋರ್ಟ್ 123. ವೆಬ್‌ಸೈಟಿನ ಬಾಗಿಲು ಬೇರೆ, ಇದು ಬೇರೆ. ಆದ್ದರಿಂದ ಬ್ರೌಸರ್ ಓಡುತ್ತಿದೆ, ಪಿಂಗ್ ಮಾಡಿದರೆ ಉತ್ತರ ಬರುತ್ತಿದೆ, ಆದರೂ ಸಮಯ ಸಿಂಕ್ ಆಗುತ್ತಿಲ್ಲ ಅನ್ನುವುದು ಪೂರ್ತಿ ಸಾಧ್ಯ. 2013–14ರ ಹೊತ್ತಿಗೆ ಕಿಡಿಗೇಡಿಗಳು ಎನ್‌ಟಿಪಿ ಸರ್ವರ್‌ಗಳನ್ನು ಬಳಸಿಕೊಂಡು ದೊಡ್ಡ ದಾಳಿಗಳನ್ನು ಮಾಡಿದರು, ಆಮೇಲೆ ಬಹಳ ಕಡೆ ಈ ಬಾಗಿಲಿಗೆ ಅಗುಳಿ ಹಾಕಿದರು.

ಪರೀಕ್ಷೆ ಹೀಗೆ:

ಡಬ್ಲ್ಯೂ32ಟಿಎಂ /ಸ್ಟ್ರಿಪ್‌ಚಾರ್ಟ್ /ಕಂಪ್ಯೂಟರ್:ಟೈಮ್.ವಿಂಡೋಸ್.ಕಾಮ್ /ಸ್ಯಾಂಪಲ್ಸ್:5

ಐದು ಸಾಲು ಬರುತ್ತದೆ, ಪ್ರತಿ ಸಾಲಿನಲ್ಲಿ ನಿಮ್ಮ ಗಡಿಯಾರ ಎಷ್ಟು ಸೆಕೆಂಡ್ ತಪ್ಪಿದೆ ಅಂತ ಇರುತ್ತದೆ. ಇದು ಗಡಿಯಾರವನ್ನು ಬದಲಿಸುವುದಿಲ್ಲ, ಬರೀ ನೋಡಿ ಹೇಳುತ್ತದೆ, ಹಾಗಾಗಿ ಧೈರ್ಯವಾಗಿ ಹೊಡೆಯಬಹುದು. ಸಂಖ್ಯೆ ಬಂದರೆ ದಾರಿ ತೆರೆದಿದೆ, ತಪ್ಪು ನಿಮ್ಮ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿದೆ. ಪ್ರತಿ ಸಾಲಿನಲ್ಲೂ 800705ಬಿ4 ಅನ್ನುವ ಎರರ್ ಬಂದರೆ ಕಾದು ಕಾದು ಉತ್ತರ ಬರಲಿಲ್ಲ ಅಂತ.

ಆಗ ಮಾಡಬೇಕಾದ್ದು ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಉಪಯೋಗದ ಪರೀಕ್ಷೆ, ಖರ್ಚೂ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಕಂಪ್ಯೂಟರನ್ನು ಅದಕ್ಕೆ ಜೋಡಿಸಿ, ಅದೇ ಕಮಾಂಡ್ ಮತ್ತೆ ಹೊಡೆಯಿರಿ. ಕಾರವಾರದ ಒಂದು ಕಚೇರಿಯಲ್ಲಿ ಎಂಟು ಕಂಪ್ಯೂಟರ್‌ಗಳು ಒಟ್ಟಿಗೆ ನಾಲ್ಕು ನಿಮಿಷ ಹಿಂದೆ ಬಿದ್ದಿದ್ದವು. ಅಲ್ಲಿನ ಹುಡುಗ ಎರಡು ದಿನ ಒಂದೊಂದು ಕಂಪ್ಯೂಟರಿನ ಸರ್ವಿಸ್ಸನ್ನೂ ಬಿಚ್ಚಿ ಜೋಡಿಸಿದ್ದ. ಹಾಟ್‌ಸ್ಪಾಟಿಗೆ ಹಾಕಿದ ಕೂಡಲೇ ಐದೂ ಸಾಲು ಸರಸರ ಬಂತು. ಕಂಪ್ಯೂಟರ್‌ಗಳು ಸರಿಯೇ ಇದ್ದವು, ಹೊಸದಾಗಿ ಕೂರಿಸಿದ, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ 123 ಮುಚ್ಚಿತ್ತು. ಅದನ್ನು ನೋಡಿಕೊಳ್ಳುವವರಿಗೆ "ಹೊರಗೆ ಹೋಗುವ ಯುಡಿಪಿ 123 ತೆರೆದುಕೊಡಿ" ಅಂತ ಒಂದು ಸಾಲು ಕಳಿಸಿದ ಮೇಲೆ ಮುಗಿಯಿತು. ಒಂದೇ ಕಡೆ ಹಲವು ಕಂಪ್ಯೂಟರ್ ಒಂದೇ ಥರ ತಪ್ಪಿದರೆ ಕಂಪ್ಯೂಟರ್ ಬಿಚ್ಚಬೇಡಿ, ದಾರಿ ನೋಡಿ.

ಹಾಟ್‌ಸ್ಪಾಟಿನಲ್ಲೂ ಆಗದಿದ್ದರೆ ಕಂಪ್ಯೂಟರ್ ಒಳಗಿನ ಆ್ಯಂಟಿವೈರಸ್ ಜೊತೆ ಬಂದ ಫೈರ್‌ವಾಲ್ ಅಥವಾ ವಿಪಿಎನ್ ತಡೆಯುತ್ತಿರಬಹುದು, ಐದು ನಿಮಿಷ ಆಫ್ ಮಾಡಿ ನೋಡಿ, ಮತ್ತೆ ಆನ್ ಮಾಡಿ. ಸರ್ವರ್ ಹೆಸರೇ ಸಿಗುತ್ತಿಲ್ಲ ಅನ್ನುವ ಎರರ್ ಬಂದರೆ ಮತ್ತೆ ತಾರೀಕು ನೋಡಿ. ಸುರಕ್ಷಿತ ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಹಾಕಿಕೊಂಡವರಲ್ಲಿ ಒಂದು ಸುತ್ತು ಬೀಳುತ್ತದೆ: ತಾರೀಕು ತಪ್ಪಿದ್ದರಿಂದ ಡಿಎನ್‌ಎಸ್‌ನ ಸರ್ಟಿಫಿಕೇಟ್ ಒಪ್ಪಿಗೆಯಾಗುವುದಿಲ್ಲ, ಡಿಎನ್‌ಎಸ್ ಇಲ್ಲದೆ ಟೈಮ್ ಸರ್ವರ್ ವಿಳಾಸ ಸಿಗುವುದಿಲ್ಲ, ವಿಳಾಸ ಇಲ್ಲದೆ ತಾರೀಕು ಸರಿಯಾಗುವುದಿಲ್ಲ. ಕೈಯಿಂದ ಒಮ್ಮೆ ತಾರೀಕು ಹಾಕಿದರೆ ಸುತ್ತು ಬಿಚ್ಚುತ್ತದೆ.

ದಾರಿ ಸರಿ ಇದ್ದು ಒಂದು ಸರ್ವರ್ ಮಾತ್ರ ಉತ್ತರ ಕೊಡದಿದ್ದರೆ ಬೇರೆಯದು ಹಾಕಿ. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಟೈಮ್‌ಡೇಟ್.ಸಿಪಿಎಲ್ ಅಂತ ಹೊಡೆದರೆ ಹಳೆಯ ಕಿಟಕಿ ತೆರೆಯುತ್ತದೆ, ಅದರಲ್ಲಿ ಇಂಟರ್ನೆಟ್ ಟೈಮ್ ಅನ್ನುವ ಟ್ಯಾಬ್‌ನಲ್ಲಿ ಸರ್ವರ್ ಹೆಸರು ಬರೆಯುವ ಜಾಗ ಇದೆ. ನಮ್ಮ ದೇಶದ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಅದರ ಪರಮಾಣು ಗಡಿಯಾರಗಳಿಂದ ಬರುವ ಸಮಯ ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್ ವಿಳಾಸದಲ್ಲಿ ಸಿಗುತ್ತದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸೇವೆ ನೋಡಿಕೊಳ್ಳುವ ಎನ್‌ಐಸಿಯದು ಸಮಯ್1.ಎನ್‌ಐಸಿ.ಇನ್ ಮತ್ತು ಸಮಯ್2.ಎನ್‌ಐಸಿ.ಇನ್. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಸೇವಾ ಕಂಪನಿಗಳು, ಸಂಸ್ಥೆಗಳು, ಸರ್ಕಾರಿ ಕಚೇರಿಗಳು ಈ ಎರಡು ಸಂಸ್ಥೆಗಳ ಸಮಯಕ್ಕೆ, ಅಥವಾ ಇವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಸಿಂಕ್ ಆಗಬೇಕು ಅಂತ ಹೇಳಿದೆ. ಸಂಘ, ಸೊಸೈಟಿ, ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಗೂಗಲ್‌ನ ಟೈಮ್ ಸರ್ವರನ್ನು ಇವುಗಳ ಜೊತೆ ಬೆರೆಸಬೇಡಿ. ಅಧಿಕ ಸೆಕೆಂಡ್ (ಯುಟಿಸಿಗೆ ಆಗೊಮ್ಮೆ ಈಗೊಮ್ಮೆ ಸೇರಿಸುವ ಒಂದು ಸೆಕೆಂಡ್) ಬಂದಾಗ ಗೂಗಲ್ ಅದನ್ನು ಇಡೀ ದಿನಕ್ಕೆ ಸಣ್ಣ ಸಣ್ಣದಾಗಿ ಹಂಚುತ್ತದೆ, ಸಾಮಾನ್ಯ ಸರ್ವರ್‌ಗಳು ಒಮ್ಮೆಗೇ ಸೇರಿಸುತ್ತವೆ. ಕೊನೆಯ ಸಲ ಅದು ಬಂದದ್ದು ನಮ್ಮ ಸಮಯದಲ್ಲಿ 2017ರ ಜನವರಿ 1ರ ಬೆಳಿಗ್ಗೆ, 5:29:59 ಆದ ಮೇಲೆ 5:29:60 ಅಂತ ಒಂದು ಸೆಕೆಂಡ್.

ಲಿನಕ್ಸ್ ಇದ್ದವರಿಗೆ

ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅಂತಷ್ಟೇ ಹೊಡೆಯಿರಿ. ಝೋನ್ ಏಷ್ಯಾ/ಕೋಲ್ಕತ್ತಾ ಇರಬೇಕು, ಸಿಂಕ್ರೊನೈಸ್ಡ್ ಅನ್ನುವ ಸಾಲಿನಲ್ಲಿ ಯೆಸ್ ಇರಬೇಕು. ಸರ್ವಿಸ್ ಆಫ್ ಇದ್ದರೆ ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ. ಸಿಂಕ್‌ಗೆ ಕ್ರೋನಿ ಅನ್ನುವ ಸಾಫ್ಟ್‌ವೇರ್ ಬಳಸುವವರು ಕ್ರೋನಿಸಿ ಸೋರ್ಸಸ್ ಹೊಡೆದು ರೀಚ್ ಅನ್ನುವ ಕಾಲಮ್ ನೋಡಿ. 377 ಇದ್ದರೆ ಕೊನೆಯ ಎಂಟು ಪ್ರಶ್ನೆಗೂ ಉತ್ತರ ಬಂದಿದೆ, 0 ಇದ್ದರೆ ಒಂದಕ್ಕೂ ಬಂದಿಲ್ಲ. ಸಾಲಿನ ಮೊದಲು ನಕ್ಷತ್ರದ ಗುರುತು ಇರುವುದೇ ಈಗ ನಂಬಿರುವ ಸರ್ವರ್. ಉತ್ತರ ಬರುತ್ತಿದೆ, ಆದರೂ ಗಡಿಯಾರ ನಿಧಾನವಾಗಿ ತೆವಳುತ್ತಿದೆ ಅಂದರೆ ಸುಡೊ ಕ್ರೋನಿಸಿ ಮೇಕ್‌ಸ್ಟೆಪ್ ಕೊಡಿ, ಒಂದೇ ಹೆಜ್ಜೆಯಲ್ಲಿ ಸರಿಯಾಗುತ್ತದೆ. ಡೇಟಾಬೇಸ್ ಓಡುತ್ತಿರುವ ಸರ್ವರ್‌ನಲ್ಲಿ ಮಾತ್ರ ಹಗಲು ಹೊತ್ತಿನಲ್ಲಿ ಇದನ್ನು ಮಾಡಬೇಡಿ. ಒಂದೇ ಕಂಪ್ಯೂಟರಿನಲ್ಲಿ ಎರಡು ಸಿಂಕ್ ಸರ್ವಿಸ್ ಓಡಿಸಬೇಡಿ, ಒಂದು ಹಿಂದಕ್ಕೆ ಎಳೆದರೆ ಇನ್ನೊಂದು ಮುಂದಕ್ಕೆ ಎಳೆಯುತ್ತದೆ.

ವಿಂಡೋಸ್, ಲಿನಕ್ಸ್ ಎರಡೂ ಒಂದೇ ಕಂಪ್ಯೂಟರಿನಲ್ಲಿ ಹಾಕಿಕೊಂಡ ಕಾಲೇಜು ಹುಡುಗರು ಬಹಳ ಜನ ನನ್ನ ಹತ್ತಿರ ಬಂದಿದ್ದಾರೆ, ಎಲ್ಲರದ್ದೂ ಅದೇ 5:30. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಲಿನಕ್ಸ್‌ನಲ್ಲಿ ಕೊಟ್ಟರೆ ಎರಡೂ ಒಂದೇ ಭಾಷೆ ಮಾತಾಡುತ್ತವೆ. ಲಿನಕ್ಸ್ ಇದಕ್ಕೆ ಒಂದು ಎಚ್ಚರಿಕೆ ತೋರಿಸುತ್ತದೆ. ನಮ್ಮ ದೇಶದಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಸಮಯ ಇಲ್ಲದ ಕಾರಣ ಇಲ್ಲಿ ಅದರಿಂದ ತೊಂದರೆ ಬಂದದ್ದನ್ನು ನಾನು ಕಂಡಿಲ್ಲ.

ರೌಟರ್ ಮತ್ತು ಸಿಸಿಟಿವಿ

ಮನೆಯ ರೌಟರ್‌ಗೆ ಬಿಲ್ಲೆ ಬ್ಯಾಟರಿ ಸಾಮಾನ್ಯವಾಗಿ ಇರುವುದಿಲ್ಲ. ಕರೆಂಟ್ ಹೋಗಿ ಬಂದ ಕೂಡಲೇ ಅದರ ಲಾಗ್‌ನಲ್ಲಿ 1970ರ ಜನವರಿ 1 ಕಂಡರೆ ಹೆದರಬೇಡಿ, ಇಂಟರ್ನೆಟ್ ಬಂದ ಮೇಲೆ ತಾನೇ ಸಮಯ ಕೇಳಿಕೊಳ್ಳುತ್ತದೆ. ಅರ್ಧ ಗಂಟೆಯಾದರೂ ಹಾಗೇ ಇದ್ದರೆ ಅದರೊಳಗೆ ಟೈಮ್ ಸರ್ವರ್ ಬರೆದಿಲ್ಲ ಅಂತ.

ಸಿಸಿಟಿವಿಯ ಡಿವಿಆರ್ ವಿಷಯದಲ್ಲಿ ಮಾತ್ರ ದಯವಿಟ್ಟು ಉದಾಸೀನ ಮಾಡಬೇಡಿ. ಅಂಗಡಿಯಲ್ಲಿ ಕಳ್ಳತನ ಆದ ಮೇಲೆ, ರಸ್ತೆಯಲ್ಲಿ ಅಪಘಾತ ಆದ ಮೇಲೆ ರೆಕಾರ್ಡಿಂಗ್ ತೆಗೆದು ನೋಡಿದರೆ ಸಮಯ ಎರಡೂವರೆ ಗಂಟೆ ಮುಂದೆ ಇರುತ್ತದೆ, ಯಾಕೆಂದರೆ ಡಬ್ಬಿಯಿಂದ ತೆಗೆದಾಗ ಚೀನಾದ ಝೋನ್ ಇತ್ತು, ಯಾರೂ ಬದಲಿಸಲಿಲ್ಲ. ಸಾಕ್ಷಿಯಾಗಿ ಕೊಡುವಾಗ ಆ ಎರಡೂವರೆ ಗಂಟೆಯನ್ನು ವಿವರಿಸುತ್ತಾ ಕೂರಬೇಕು. ಇವತ್ತೇ ಮೆನು ತೆರೆದು ಝೋನ್ 5:30 ಮಾಡಿ, ಎನ್‌ಟಿಪಿ ಆನ್ ಮಾಡಿ, ಪೋರ್ಟ್ 123 ಅಂತಲೇ ಇದೆಯಾ ನೋಡಿ, ನಂತರ ಪರದೆಯ ಮೇಲಿನ ಸಮಯವನ್ನು ಮೊಬೈಲ್ ಜೊತೆ ಹೋಲಿಸಿ.

ಎಲ್ಲ ಆದ ಮೇಲೆ ಪರೀಕ್ಷೆ

ಸಿಂಕ್ ಆಯಿತು ಅಂತ ಹಸಿರು ಗುರುತು ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ರಾತ್ರಿ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತಿಡಿ. ರೌಟರ್ ಕೂಡ ಆಫ್ ಇರಲಿ. ಬೆಳಿಗ್ಗೆ ರೌಟರ್ ಆನ್ ಮಾಡದೇ ಕಂಪ್ಯೂಟರ್ ಮಾತ್ರ ಆನ್ ಮಾಡಿ ಸಮಯ ನೋಡಿ. ಇಂಟರ್ನೆಟ್ ಇಲ್ಲದೆಯೂ ಸರಿ ಇದ್ದರೆ ಬ್ಯಾಟರಿ ಗಟ್ಟಿ. ಆಮೇಲೆ ರೌಟರ್ ಆನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಬ್ಲ್ಯೂ32ಟಿಎಂ /ಕ್ವೆರಿ /ಸ್ಟೇಟಸ್ ಹೊಡೆದು ಕೊನೆಯ ಸಲ ಸಿಂಕ್ ಆದದ್ದು ಯಾವಾಗ ಅಂತ ಓದಿ, ಇವತ್ತಿನ ತಾರೀಕು ಇರಬೇಕು. ವಾರ ಬಿಟ್ಟು ಇನ್ನೊಮ್ಮೆ ಸ್ಟ್ರಿಪ್‌ಚಾರ್ಟ್ ಓಡಿಸಿ. ಒಂದು ಸೆಕೆಂಡಿನ ಒಳಗೆ ಇದ್ದರೆ ಮೊದಲು ಬರೆದಿಟ್ಟುಕೊಂಡ ಚೀಟಿಯ ಕೆಳಗೆ ಬ್ಯಾಟರಿ ಬದಲಿಸಿದ ತಾರೀಕು ಬರೆದು ಕ್ಯಾಬಿನೆಟ್ಟಿನ ಒಳಗಡೆ ಟೇಪ್ ಹಾಕಿ ಅಂಟಿಸಿ. ಮಾವನ ಕಂಪ್ಯೂಟರಿನಲ್ಲಿ ಅದು ಈಗಲೂ ಇದೆ.